ಗಡಿ ದಾಟುವ ಪವರ್ ಆಫ್ ಅಟಾರ್ನಿ: ನೋಟರಿಯ ಮುಂದಿನ ಸಹಿಯಿಂದ ಅಪೋಸ್ಟಿಲ್‌ವರೆಗೆ

ವಾಸ ಒಂದು ದೇಶದಲ್ಲಿ, ಆಸ್ತಿ ಇನ್ನೊಂದು ದೇಶದಲ್ಲಿ. ಅಲ್ಲಿನ ಮನೆ ಮಾರಬೇಕು, ತೀರಿಕೊಂಡ ತಂದೆಯ ಬ್ಯಾಂಕ್ ಖಾತೆ ಮುಚ್ಚಿಸಬೇಕು, ಅಥವಾ ಯಾವುದೋ ದಾವೆಗೆ ಹಾಜರಾಗಬೇಕು. ಖುದ್ದಾಗಿ ಹೋಗೋಣವೆಂದರೆ ಆರೋಗ್ಯ, ರಜೆ, ವೀಸಾ ಯಾವುದಾದರೊಂದು ಅಡ್ಡ ಬರುತ್ತದೆ. ಅಲ್ಲಿರುವ ನಂಬಿಕಸ್ಥರೊಬ್ಬರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಡುವುದೇ ಆಗ ಉಳಿಯುವ ದಾರಿ. ಹತ್ತಿರದ ನೋಟರಿಯ ಹತ್ತಿರ ಹೋಗಿ ಮೊಹರು ಹಾಕಿಸಿ ಕೊರಿಯರ್ ಮಾಡುತ್ತಾರೆ. ಕೆಲವು ವಾರ ಕಳೆದ ಮೇಲೆ ಉತ್ತರ ಬರುತ್ತದೆ: ಈ ಕಾಗದ ಇಲ್ಲಿ ನಡೆಯುವುದಿಲ್ಲ.

ಕಾಗದದಲ್ಲಿ ಸುಳ್ಳಿರುವುದಿಲ್ಲ, ಸಹಿಯೂ ಅಸಲಿಯೇ. ಆದರೆ ಸಾವಿರಾರು ಮೈಲಿ ದೂರದ ಕಚೇರಿಯಲ್ಲಿ ಅದನ್ನು ಕೈಗೆತ್ತಿಕೊಂಡವರಿಗೆ ಆ ಮೊಹರು ಯಾರದ್ದು, ಅದನ್ನು ಹಾಕಲು ಅವರಿಗೆ ಅಧಿಕಾರ ಇತ್ತೇ ಎಂದು ತಿಳಿಯುವ ದಾರಿ ಇರುವುದಿಲ್ಲ. ಆ ದಾರಿ ಮಾಡಿಕೊಡುವ ಕೆಲಸಕ್ಕೆ ದೃಢೀಕರಣ ಎನ್ನುತ್ತಾರೆ.

ಪವರ್ ಆಫ್ ಅಟಾರ್ನಿ ಎಂದರೆ

"ನನ್ನ ಪರವಾಗಿ ಈ ಕೆಲಸ ಮಾಡಲು ಇವರಿಗೆ ಅಧಿಕಾರ ಕೊಟ್ಟಿದ್ದೇನೆ" ಎಂದು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುವ ಪತ್ರ ಇದು. ಹಳಬರು ಮುಖ್ತಾರುನಾಮೆ ಎನ್ನುತ್ತಿದ್ದರು. ಹಲವು ಬಗೆಯ ವ್ಯವಹಾರಗಳಿಗೆ ಒಟ್ಟಾಗಿ ಕೊಟ್ಟರೆ ಜನರಲ್ ಪವರ್ ಆಫ್ ಅಟಾರ್ನಿ, ಒಂದೇ ಗೊತ್ತಾದ ಕೆಲಸಕ್ಕೆ ಕೊಟ್ಟರೆ ಸ್ಪೆಷಲ್ ಪವರ್ ಆಫ್ ಅಟಾರ್ನಿ. ವಿದೇಶದ ಬಳಕೆಗೆ ಎರಡನೆಯದೇ ಸುರಕ್ಷಿತ. ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದು ಬರೆದುಕೊಟ್ಟವರಿಗೂ ಗೊತ್ತಿರುತ್ತದೆ, ಓದುವ ಅಧಿಕಾರಿಗೂ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಬರೆದುಕೊಟ್ಟವರು ತೀರಿಕೊಂಡ ಗಳಿಗೆಗೆ ಈ ಅಧಿಕಾರವೂ ಮುಗಿಯುತ್ತದೆ. ಅನೇಕ ದೇಶಗಳಲ್ಲಿ ಅವರು ಬುದ್ಧಿಸ್ವಾಧೀನ ಕಳೆದುಕೊಂಡರೂ ಮುಗಿಯುತ್ತದೆ, ಆ ಸ್ಥಿತಿಯಲ್ಲೂ ಮುಂದುವರಿಯಬೇಕೆಂದು ಪತ್ರದಲ್ಲೇ ಬರೆದಿದ್ದರೆ ಮಾತ್ರ ಉಳಿಯುತ್ತದೆ. ವಯಸ್ಸಾದ ತಂದೆ-ತಾಯಿಯಿಂದ ಬರೆಸಿಕೊಳ್ಳುವಾಗ ಈ ಒಂದು ಸಾಲು ತಪ್ಪಿಹೋದರೆ ಮುಂದೆ ಬಹಳ ಕಷ್ಟವಾಗುತ್ತದೆ.

ಒಂದರ ಮೇಲೊಂದು ಮೊಹರು ಏಕೆ?

ಗುರುತು ಪರಿಚಯವಿಲ್ಲದವರೊಬ್ಬರು ನಿಮ್ಮ ಮನೆ ಬಾಗಿಲಿಗೆ ಬಂದಿದ್ದಾರೆ ಎಂದುಕೊಳ್ಳಿ. ಅವರು ನಿಮಗೆ ಗೊತ್ತಿಲ್ಲ, ಅವರ ಊರಿನ ಮುಖ್ಯಸ್ಥರೂ ಗೊತ್ತಿಲ್ಲ. ಆದರೆ ಆ ಮುಖ್ಯಸ್ಥರನ್ನು ಬಲ್ಲವರೊಬ್ಬರು ನಿಮಗೆ ಗೊತ್ತು. "ಇವರು ನಮ್ಮವರು" ಎಂದು ಮುಖ್ಯಸ್ಥರು ಬರೆದುಕೊಡುತ್ತಾರೆ, "ಈ ಬರಹ ಮುಖ್ಯಸ್ಥರದ್ದೇ" ಎಂದು ನಿಮ್ಮ ಪರಿಚಯದವರು ಷರಾ ಬರೆಯುತ್ತಾರೆ. ಆಗ ನೀವು ಬಾಗಿಲು ತೆರೆಯುತ್ತೀರಿ.

ದೃಢೀಕರಣದ ಸರಪಳಿ ಇದೇ ರೀತಿಯದು. ಸಹಿ ನಿಮ್ಮದೇ ಎಂದು ನೋಟರಿ ಹೇಳುತ್ತಾರೆ. ನೋಟರಿಯ ರುಜು ಮತ್ತು ಮೊಹರು ಅಸಲಿ ಎಂದು ಅವರ ಮೇಲಿನ ಸರ್ಕಾರಿ ಕಚೇರಿ ಹೇಳುತ್ತದೆ. ಆ ಕಚೇರಿಯನ್ನು ಬೇರೆ ದೇಶ ಗುರುತಿಸುತ್ತದೆ. ಇಲ್ಲಿ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕಾದ ಮಾತೊಂದಿದೆ: ಪ್ರತಿ ಮೊಹರೂ ತನ್ನ ಹಿಂದಿನ ರುಜುವಿಗಷ್ಟೇ ಹೊಣೆ. ಪತ್ರದೊಳಗೆ ಬರೆದದ್ದು ಸರಿಯೇ, ಆ ಒಕ್ಕಣೆ ಅಲ್ಲಿನ ಕಾನೂನಿಗೆ ಹೊಂದುತ್ತದೆಯೇ ಎಂದು ಈ ಸರಪಳಿಯಲ್ಲಿ ಯಾರೂ ನೋಡುವುದಿಲ್ಲ. ಎಲ್ಲ ಮೊಹರು ಇದ್ದೂ ಕಾಗದ ವಾಪಸ್ ಬರುವುದರ ಮೂಲ ಇದೇ.

ಮೊದಲು ಕೇಳಬೇಕಾದ್ದು ಅಲ್ಲಿಯವರನ್ನು

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಕೊನೆಯಿಂದ. ಕಾಗದವನ್ನು ಯಾರು ಕೈಗೆ ತೆಗೆದುಕೊಳ್ಳುತ್ತಾರೋ ಆ ಬ್ಯಾಂಕ್, ನೋಂದಣಿ ಕಚೇರಿ, ವಕೀಲರು ಅಥವಾ ಅಲ್ಲಿನ ನೋಟರಿಯನ್ನು ಮೊದಲು ಸಂಪರ್ಕಿಸಿ. ನಿಮ್ಮ ಒಕ್ಕಣೆ ನಡೆಯುತ್ತದೆಯೇ, ಅವರು ಕೊಟ್ಟ ನಮೂನೆಯೇ ಆಗಬೇಕೇ ಎಂದು ಕೇಳಿ. ಯಾವ ಭಾಷೆಯಲ್ಲಿರಬೇಕು, ಅನುವಾದ ಯಾರು ಮಾಡಬೇಕು, ಎಷ್ಟು ತಿಂಗಳ ಒಳಗೆ ಸಹಿಯಾಗಿರಬೇಕು, ಸಾಕ್ಷಿಗಳು ಬೇಕೇ, ಪ್ರತಿ ಪುಟಕ್ಕೂ ಸಹಿ ಬೇಕೇ, ಇದೆಲ್ಲ ಬರಹದಲ್ಲಿ, ಇಮೇಲ್‌ನಲ್ಲಿ ಬರಲಿ. ಕರಡು ಸಿದ್ಧವಾದ ಮೇಲೆ ಸಹಿ ಹಾಕುವ ಮುಂಚೆ ಅವರಿಗೇ ಕಳಿಸಿ "ಇದು ಸಾಕೇ?" ಎಂದು ಒಪ್ಪಿಗೆ ಪಡೆಯಿರಿ. ಈ ಒಂದು ಹೆಜ್ಜೆ ಎಷ್ಟೋ ವಾರಗಳ ಓಡಾಟ ಉಳಿಸುತ್ತದೆ.

ಇಷ್ಟೊಂದು ವಿಚಾರಿಸಲು ಕಾರಣವಿದೆ. ಕೆಲವು ದೇಶಗಳಲ್ಲಿ, ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತೀರೋ ಆ ಕೆಲಸಕ್ಕೆ ಕಾನೂನು ಹೇಳಿದ ರೂಪದಲ್ಲೇ ಅಧಿಕಾರಪತ್ರವೂ ಇರಬೇಕು. ಇಟಲಿಯ ನಾಗರಿಕ ಸಂಹಿತೆಯ 1392ನೇ ವಿಧಿ ಹೀಗೆಯೇ ಹೇಳುತ್ತದೆ. ಕರಾರಿಗೆ ಒಂದು ನಿರ್ದಿಷ್ಟ ರೂಪ ಕಡ್ಡಾಯವಾಗಿದ್ದರೆ ಅದಕ್ಕೆ ಕೊಡುವ ಅಧಿಕಾರಕ್ಕೂ ಅದೇ ರೂಪ ಬೇಕು. ಮನೆ, ಜಮೀನು ವಿಷಯದಲ್ಲಂತೂ ಆಸ್ತಿ ಇರುವ ದೇಶದ ಕಾನೂನಿನದೇ ಮೇಲುಗೈ.

ಅಧಿಕಾರಗಳನ್ನು ಬಿಡಿಬಿಡಿಯಾಗಿ ಬರೆಯುವುದೂ ಅಷ್ಟೇ ಮುಖ್ಯ. "ನನ್ನ ಎಲ್ಲ ಆಸ್ತಿಯ ವ್ಯವಹಾರ ನೋಡಿಕೊಳ್ಳಲು" ಎಂಬ ಸಾಲು ಮಾರಾಟಕ್ಕೆ ಸಾಲದು. ಮಾರುವುದು, ಅಡವಿಡುವುದು, ದಾನ ಕೊಡುವುದು, ಹಣ ಪಡೆದು ರಸೀದಿ ಕೊಡುವುದು, ತೆರಿಗೆ ಕಟ್ಟುವುದು, ಇವುಗಳಲ್ಲಿ ಬೇಕಾದ್ದನ್ನು ಹೆಸರು ಹೇಳಿಯೇ ಬರೆಯಬೇಕು. ಆಸ್ತಿಯ ನೋಂದಣಿ ಸಂಖ್ಯೆ, ವಿಳಾಸ, ಖಾತೆ ಸಂಖ್ಯೆ ಅಲ್ಲಿನ ದಾಖಲೆಯಲ್ಲಿ ಇದ್ದಂತೆಯೇ ಬರಲಿ. ಅಧಿಕಾರ ಪಡೆದವರು ಅದನ್ನು ಬೇರೆಯವರಿಗೆ ವಹಿಸಬಹುದೇ, ಆ ಆಸ್ತಿಯನ್ನು ತಾವೇ ಕೊಳ್ಳಬಹುದೇ ಎಂಬ ಎರಡು ಪ್ರಶ್ನೆಗಳಿಗೂ ಪತ್ರದಲ್ಲೇ ಉತ್ತರ ಇರಬೇಕು.

ಹೆಸರಿನ ವಿಷಯದಲ್ಲಿ ಒಂದಕ್ಷರವೂ ಆಚೀಚೆ ಆಗಬಾರದು. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರಿದ್ದು ಆಸ್ತಿಪತ್ರದಲ್ಲಿ ಇನಿಷಿಯಲ್ ಇದ್ದರೆ, ಅಥವಾ ಮದುವೆಯ ನಂತರ ಹೆಸರು ಬದಲಾಗಿದ್ದರೆ, ಇಬ್ಬರೂ ಒಬ್ಬರೇ ಎಂದು ಪತ್ರದಲ್ಲೇ ಎರಡೂ ಹೆಸರು ಬರೆದು, ಅದಕ್ಕೆ ಆಧಾರದ ದಾಖಲೆಯನ್ನೂ ಜೊತೆಗಿಡಿ.

ನೋಟರಿಯ ಮುಂದೆ

ನೋಟರಿ ಎಂಬ ಹೆಸರು ಎಲ್ಲ ಕಡೆ ಒಂದೇ ಆದರೂ ಕೆಲಸ ಒಂದೇ ಅಲ್ಲ. ಫ್ರಾನ್ಸ್, ಸ್ಪೇನ್, ಇಟಲಿ, ಮೆಕ್ಸಿಕೊದಂತಹ ದೇಶಗಳಲ್ಲಿ ನೋಟರಿ ಕಾನೂನು ಪಂಡಿತರು. ಪತ್ರವನ್ನು ಅವರೇ ಬರೆಯುತ್ತಾರೆ, ಓದಿ ಹೇಳುತ್ತಾರೆ, ಮೂಲಪ್ರತಿಯನ್ನು ತಮ್ಮ ಕಡತದಲ್ಲೇ ಇಟ್ಟುಕೊಂಡು ದೃಢೀಕೃತ ನಕಲು ಕೊಡುತ್ತಾರೆ. ಅಮೆರಿಕದಂತಹ ಕಡೆ ನೋಟರಿಯ ಪಾತ್ರ ಬಹಳ ಚಿಕ್ಕದು. ಎದುರಿಗಿದ್ದವರ ಗುರುತು ನೋಡಿ, ಸಹಿಗೆ ಸಾಕ್ಷಿಯಾಗುವುದು ಅವರ ಕೆಲಸ. ಮೊದಲ ಬಗೆಯ ನೋಟರಿಗೆ ಒಗ್ಗಿಹೋದ ಕಚೇರಿಗೆ ಎರಡನೇ ಬಗೆಯವರ ಕಾಗದ ತಲುಪಿದಾಗ ಅನುಮಾನ ಏಳುವುದು ಸಹಜ. ಅಂಥ ದೇಶಕ್ಕೆ ಕಳಿಸುವಾಗ ಅಲ್ಲಿನ ನೋಟರಿಯಿಂದಲೇ ಒಕ್ಕಣೆ ತರಿಸಿಕೊಂಡು ಸಹಿ ಮಾಡುವುದು ಒಳ್ಳೆಯದು.

ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಸಹಿ ನೋಟರಿಯ ಕಣ್ಣೆದುರಿಗೇ ಆಗಲಿ. ಅವಧಿ ಮುಗಿಯದ ಪಾಸ್‌ಪೋರ್ಟ್ ಕೈಯಲ್ಲಿರಲಿ. ಖಾಲಿ ಜಾಗ ಬಿಡಬೇಡಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಹೊಡೆದು ತಿದ್ದಿದ್ದು ಇದ್ದರೆ ಆ ಪುಟವನ್ನೇ ಹೊಸದಾಗಿ ಮುದ್ರಿಸುವುದು ಲೇಸು. ಪುಟಗಳಿಗೆ "5ರಲ್ಲಿ 1", "5ರಲ್ಲಿ 2" ಎಂದು ಸಂಖ್ಯೆ ಇರಲಿ, ನಡುವಿನ ಪುಟ ಬದಲಾಯಿಸಿದರೆಂಬ ಅನುಮಾನಕ್ಕೆ ಆಗ ಎಡೆ ಇರುವುದಿಲ್ಲ.

ಬರೀ ಮೊಹರು ಒತ್ತಿ ರುಜು ಹಾಕಿದರೆ ಸಾಲದು. "ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥವರು ನನ್ನ ಮುಂದೆ ಹಾಜರಾಗಿ, ಗುರುತು ಸಾಬೀತುಪಡಿಸಿ, ಈ ಪತ್ರಕ್ಕೆ ಸಹಿ ಮಾಡಿದರು" ಎಂಬರ್ಥದ ಪೂರ್ತಿ ಷರಾ ಬೇಕು. ನೋಟರಿಯ ಹೆಸರು, ಹುದ್ದೆ ಓದಲು ಬರುವಂತಿರಬೇಕು. ಅವರ ನೇಮಕದ ಅವಧಿ ಚಾಲ್ತಿಯಲ್ಲಿರಬೇಕು. ಇನ್ನೊಂದು: ಮುಂದಿನ ಕಚೇರಿಯಲ್ಲಿ ಆ ನೋಟರಿಯ ಮಾದರಿ ಸಹಿ ಕಡತದಲ್ಲಿರಬೇಕು. ಆ ಕಚೇರಿಯವರು ಎರಡು ಸಹಿಗಳನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ, ತಾಳೆಯಾಗದಿದ್ದರೆ ಅಲ್ಲಿಗೇ ನಿಂತಿತು. "ನಿಮ್ಮ ಸಹಿ ಅಲ್ಲಿ ದಾಖಲಾಗಿದೆಯೇ?" ಎಂದು ನೋಟರಿಯನ್ನು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ಜನ ತಿಳಿಯದೆ ಬೀಳುವ ದೊಡ್ಡ ಗುಂಡಿ ಒಂದಿದೆ. ಮನೆಯಲ್ಲಿ ಸಹಿ ಮಾಡಿದ ಪತ್ರದ ಜೆರಾಕ್ಸ್ ತೆಗೆದು, ಅದಕ್ಕೆ "ಮೂಲದಂತಿದೆ" ಎಂದು ನೋಟರಿಯಿಂದ ಬರೆಸುತ್ತಾರೆ. ಅದೂ ನೋಟರಿಯ ರುಜುವೇ ಆದ್ದರಿಂದ ಮುಂದಿನ ಕಚೇರಿಯಲ್ಲಿ ಸಲೀಸಾಗಿ ದಾಟಿಹೋಗುತ್ತದೆ. ಆದರೆ ಆ ನೋಟರಿ ಹೇಳಿದ್ದು ನಕಲು ಮೂಲದಂತೆ ಇದೆ ಎಂದಷ್ಟೇ. ಸಹಿ ಮಾಡಿದ್ದು ನೀವೇ ಎಂದು ಯಾರೂ ಹೇಳಿಲ್ಲ. ಎಲ್ಲ ಖರ್ಚೂ ಆಗಿ, ಎಲ್ಲ ಮೊಹರೂ ಬಿದ್ದು, ಕಾಗದ ಮಾತ್ರ ಅಲ್ಲಿ ಕೆಲಸಕ್ಕೆ ಬಾರದೆ ಉಳಿಯುತ್ತದೆ.

ಅಪೋಸ್ಟಿಲ್ ಹತ್ತಿರದಿಂದ

ಹಿಂದೆ ಒಂದು ಕಾಗದ ಗಡಿ ದಾಟಬೇಕಾದರೆ ನೋಟರಿಯಿಂದ ಶುರುವಾಗಿ ವಿದೇಶಾಂಗ ಸಚಿವಾಲಯ, ಆಮೇಲೆ ಹೋಗಬೇಕಾದ ದೇಶದ ರಾಯಭಾರ ಕಚೇರಿ, ಕೆಲವೊಮ್ಮೆ ಆ ದೇಶ ತಲುಪಿದ ಮೇಲೂ ಇನ್ನೊಂದು ಮೊಹರು, ಹೀಗೆ ಅಲೆಯಬೇಕಿತ್ತು. ಇದನ್ನು ಮೊಟಕುಗೊಳಿಸಲು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಒಡಂಬಡಿಕೆ ಆಯಿತು. 1965ರ ಜನವರಿ 24ರಂದು ಜಾರಿಗೆ ಬಂತು. ಈಗ 120ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತದ ಮಟ್ಟಿಗೆ ಅದು ಜಾರಿಯಾದದ್ದು 2005ರ ಜುಲೈ 14ರಂದು, ಚೀನಾಕ್ಕೆ 2023ರ ನವೆಂಬರ್ 7ರಂದು, ಕೆನಡಾಕ್ಕೆ 2024ರ ಜನವರಿ 11ರಂದು. ಈಚೆಗೆ ಸೇರಿದ ದೇಶಗಳ ಬಗ್ಗೆ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿರುತ್ತದೆ. ಈ ಒಡಂಬಡಿಕೆಯನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿರುವ ಸದಸ್ಯ ದೇಶಗಳ ಪಟ್ಟಿಯನ್ನು ನೋಡಿಯೇ ಮುಂದುವರಿಯಿರಿ.

ಈ ಒಡಂಬಡಿಕೆ ಒಪ್ಪಿದ ದೇಶಗಳ ನಡುವೆ ಒಂದೇ ಪ್ರಮಾಣಪತ್ರ ಸಾಕು. ಅದರ ಹೆಸರೇ ಅಪೋಸ್ಟಿಲ್. ಅದು ಚೌಕಾಕಾರದ ಚೀಟಿ, ಒಂದೊಂದು ಬದಿಯೂ ಕನಿಷ್ಠ 9 ಸೆಂಟಿಮೀಟರ್ ಇರಬೇಕೆಂದು ಒಡಂಬಡಿಕೆಯೇ ಹೇಳುತ್ತದೆ. ಯಾವ ದೇಶದಲ್ಲಿ ಕೊಟ್ಟರೂ ಶೀರ್ಷಿಕೆ ಫ್ರೆಂಚ್ ಭಾಷೆಯಲ್ಲಿರುತ್ತದೆ. ಕೆಳಗೆ ಹತ್ತು ಅಂಕಣಗಳು. ಮೊದಲನೆಯದರಲ್ಲಿ ದೇಶದ ಹೆಸರು, ಎರಡನೆಯದರಲ್ಲಿ ಕಾಗದಕ್ಕೆ ರುಜು ಹಾಕಿದವರ ಹೆಸರು, ಮೂರನೆಯದರಲ್ಲಿ ಅವರ ಹುದ್ದೆ, ನಾಲ್ಕನೆಯದರಲ್ಲಿ ಅದರ ಮೇಲಿನ ಮೊಹರು ಯಾರದ್ದು ಎಂಬುದು. ಉಳಿದ ಆರರಲ್ಲಿ ಅಪೋಸ್ಟಿಲ್ ಕೊಟ್ಟ ಸ್ಥಳ, ದಿನಾಂಕ, ಕೊಟ್ಟವರು, ಕ್ರಮಸಂಖ್ಯೆ, ಮೊಹರು, ಸಹಿ.

ಎರಡನೇ ಅಂಕಣವನ್ನು ಗಮನವಿಟ್ಟು ನೋಡಿ. ಅಲ್ಲಿ ನಿಮ್ಮ ಹೆಸರು ಇರುವುದಿಲ್ಲ, ನೋಟರಿಯ ಅಥವಾ ಅವರ ಮೇಲೆ ರುಜು ಹಾಕಿದ ಅಧಿಕಾರಿಯ ಹೆಸರು ಇರುತ್ತದೆ. ನಿಮ್ಮ ಸಹಿ ಖಾಸಗಿ ಸಹಿ, ಅಪೋಸ್ಟಿಲ್ ಸಿಗುವುದು ಸಾರ್ವಜನಿಕ ದಾಖಲೆಗೆ. ನೋಟರಿಯ ಷರಾ ಬಿದ್ದ ಮೇಲೆಯೇ ನಿಮ್ಮ ಪತ್ರ ಆ ಗುಂಪಿಗೆ ಸೇರುತ್ತದೆ.

ಕ್ರಮಸಂಖ್ಯೆ ಇರುವುದೂ ಸುಮ್ಮನಲ್ಲ. ಕೊಟ್ಟ ಪ್ರತಿ ಅಪೋಸ್ಟಿಲ್ ಅನ್ನೂ ಆಯಾ ಕಚೇರಿ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಅನುಮಾನ ಬಂದವರು ಸಂಖ್ಯೆ, ದಿನಾಂಕ ಕೊಟ್ಟು ಕೇಳಿದರೆ ತಾಳೆ ನೋಡಿ ಹೇಳಬೇಕು. 2006ರಿಂದ ಎಲೆಕ್ಟ್ರಾನಿಕ್ ಅಪೋಸ್ಟಿಲ್ ಕಾರ್ಯಕ್ರಮವೂ ಇದೆ. ಹಲವು ದೇಶಗಳಲ್ಲಿ ಈ ತಾಳೆಯನ್ನು ಆನ್‌ಲೈನ್‌ನಲ್ಲೇ ಮಾಡಬಹುದು.

ಅಪೋಸ್ಟಿಲ್ ಕೊಡುವ ಕಚೇರಿ ಒಂದೊಂದು ದೇಶಕ್ಕೆ ಒಂದೊಂದು. ಬ್ರಿಟನ್‌ನಲ್ಲಿ ವಿದೇಶಾಂಗ ಕಚೇರಿಯ ದೃಢೀಕರಣ ವಿಭಾಗ ಕೊಡುತ್ತದೆ. ಭಾರತದಲ್ಲಿ ವಿದೇಶಾಂಗ ಸಚಿವಾಲಯ. ಅದಕ್ಕೂ ಮೊದಲು ನೋಟರಿಯ ಸಹಿಗೆ ರಾಜ್ಯದ ಗೃಹ ಇಲಾಖೆಯಂತಹ ಅಧಿಕಾರಿಯ ದೃಢೀಕರಣ ಆಗಿರಬೇಕು. ಅಮೆರಿಕದಲ್ಲಿ ನೋಟರಿಯನ್ನು ನೇಮಿಸುವುದು ರಾಜ್ಯವಾದ್ದರಿಂದ ಅಪೋಸ್ಟಿಲ್ ಸಿಗುವುದೂ ಆಯಾ ರಾಜ್ಯದಲ್ಲೇ. ಕ್ಯಾಲಿಫೋರ್ನಿಯಾ ನೋಟರಿಯ ಕಾಗದವನ್ನು ವಾಷಿಂಗ್ಟನ್‌ನ ಕೇಂದ್ರ ಕಚೇರಿಗೆ ಕಳಿಸಿದರೆ ಹಾಗೆಯೇ ಮರಳುತ್ತದೆ, ಆ ನೋಟರಿಯ ಸಹಿ ಅವರ ಕಡತದಲ್ಲಿ ಇರುವುದಿಲ್ಲ. ನ್ಯೂಯಾರ್ಕ್‌ನಲ್ಲಿ ನಡುವೆ ಕೌಂಟಿ ಕ್ಲರ್ಕ್ ಎಂಬ ಇನ್ನೊಂದು ಮೆಟ್ಟಿಲಿದೆ.

ಅಪೋಸ್ಟಿಲ್ ಬಿದ್ದ ಕಾಗದಗಳನ್ನು ಅಂಟು, ದಾರ, ಪಿನ್ನು ಏನಾದರೊಂದರಿಂದ ಸೇರಿಸಿರುತ್ತಾರೆ. ಸ್ಕ್ಯಾನ್ ಚೆನ್ನಾಗಿ ಬರಲೆಂದು ಆ ಪಿನ್ನು ಬಿಚ್ಚಬೇಡಿ. ಬಿಚ್ಚಿ ಮತ್ತೆ ಹಾಕಿದ ತೂತಿನ ಗುರುತು ಕಂಡರೆ ಸಾಕು, ಪುಟ ಬದಲಾಗಿರಬಹುದೆಂದು ತಿರಸ್ಕರಿಸುತ್ತಾರೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಅಪೋಸ್ಟಿಲ್ ನಡೆಯದ ಕಡೆ

ಎರಡು ದೇಶಗಳಲ್ಲಿ ಒಂದಾದರೂ ಒಡಂಬಡಿಕೆಯ ಹೊರಗಿದ್ದರೆ ಹಳೆಯ ದಾರಿಯೇ ಗತಿ. ನೋಟರಿ, ಮೇಲಿನ ಅಧಿಕಾರಿ, ವಿದೇಶಾಂಗ ಸಚಿವಾಲಯ, ಕೊನೆಗೆ ಕಾಗದ ಹೋಗಬೇಕಾದ ದೇಶದ ರಾಯಭಾರ ಕಚೇರಿ. ಕೆಲವು ದೇಶಗಳು ಅಲ್ಲಿಗೆ ತಲುಪಿದ ಮೇಲೆ ತಮ್ಮ ವಿದೇಶಾಂಗ ಸಚಿವಾಲಯದ ಮೊಹರನ್ನೂ ಕೇಳುತ್ತವೆ. ಈ ಸಾಲಿನಲ್ಲಿ ಒಂದು ಮೆಟ್ಟಿಲನ್ನೂ ಹಾರುವ ಹಾಗಿಲ್ಲ, ಹಿಂದಿನ ರುಜು ಇಲ್ಲದೆ ಮುಂದಿನವರಿಗೆ ತಾಳೆ ನೋಡಲು ಏನೂ ಇರುವುದಿಲ್ಲ.

ಎರಡೂ ದೇಶ ಸದಸ್ಯರಾಗಿದ್ದೂ ಅಪೋಸ್ಟಿಲ್ ನಡೆಯದಿರುವ ಸಂದರ್ಭವೂ ಉಂಟು. ಒಡಂಬಡಿಕೆಯ 12ನೇ ವಿಧಿಯ ಪ್ರಕಾರ, ಹೊಸದಾಗಿ ಸೇರಿದ ದೇಶದ ಬಗ್ಗೆ ಹಳೆಯ ಸದಸ್ಯರು ಆಕ್ಷೇಪ ಸಲ್ಲಿಸಬಹುದು. ಆ ಆಕ್ಷೇಪ ಇರುವ ತನಕ ಆ ಎರಡು ದೇಶಗಳ ನಡುವೆ ಒಡಂಬಡಿಕೆ ಅನ್ವಯಿಸದು. ಭಾರತ ಸೇರಿದಾಗ ಜರ್ಮನಿ ಹೀಗೆ ಆಕ್ಷೇಪಿಸಿತ್ತು. ಆದ್ದರಿಂದ ಪಟ್ಟಿಯಲ್ಲಿ ದೇಶದ ಹೆಸರಿದೆ ಎಂದು ನೋಡಿದ್ದೇ ಸಾಕೆಂದುಕೊಳ್ಳದೆ, ಅದರ ಪಕ್ಕದ ಟಿಪ್ಪಣಿಯನ್ನೂ ಓದಬೇಕು.

ಐರೋಪ್ಯ ಒಕ್ಕೂಟದೊಳಗೆ ಅಪೋಸ್ಟಿಲ್ ಬೇಕಿಲ್ಲ ಎಂದು ಕೆಲವರು ಕೇಳಿರುತ್ತಾರೆ. 2019ರ ಫೆಬ್ರವರಿ 16ರಿಂದ ಅನ್ವಯವಾದ ನಿಯಮ ಜನನ, ಮರಣ, ಮದುವೆಯಂತಹ ದಾಖಲೆಗಳಿಗೆ ಆ ವಿನಾಯಿತಿ ಕೊಟ್ಟಿದೆ. ಪವರ್ ಆಫ್ ಅಟಾರ್ನಿ ಅದರೊಳಗೆ ಬರುವುದಿಲ್ಲ.

ದೂತಾವಾಸದಲ್ಲೇ ಸಹಿ ಮಾಡಬಹುದೇ?

ಮಾಡಬಹುದು, ಅವಕಾಶವಿದ್ದರೆ ಇದು ಎಲ್ಲಕ್ಕಿಂತ ಚಿಕ್ಕ ದಾರಿ. ಅನೇಕ ದೇಶಗಳ ದೂತಾವಾಸ ಅಧಿಕಾರಿಗಳಿಗೆ ನೋಟರಿಯ ಅಧಿಕಾರ ಇರುತ್ತದೆ. ಕಾಗದ ಬಳಕೆಯಾಗುವ ದೇಶದ ದೂತಾವಾಸಕ್ಕೆ ಹೋಗಿ ಅಲ್ಲಿನ ಅಧಿಕಾರಿಯ ಮುಂದೆ ಸಹಿ ಮಾಡಿದರೆ, ಅದು ಆ ದೇಶದ ಅಧಿಕಾರಿಯೇ ಮಾಡಿಕೊಟ್ಟ ದಾಖಲೆ. ದೂತಾವಾಸದ ದಾಖಲೆಗಳನ್ನು ಹೇಗ್ ಒಡಂಬಡಿಕೆ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ, ಅವಕ್ಕೆ ಅಪೋಸ್ಟಿಲ್ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಕೆಲವು ದೂತಾವಾಸಗಳು ತಮ್ಮ ನಾಗರಿಕರಿಗೆ ಮಾತ್ರ ಈ ಸೇವೆ ಕೊಡುತ್ತವೆ, ಮುಂಗಡವಾಗಿ ಸಮಯ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಅನುವಾದ ಮೊದಲೋ, ಅಪೋಸ್ಟಿಲ್ ಮೊದಲೋ?

ಬಹುತೇಕ ಅಪೋಸ್ಟಿಲ್ ಮೊದಲು. ಅಲ್ಲಿಯವರು ಪತ್ರದ ಜೊತೆಗೆ ನೋಟರಿಯ ಷರಾ ಮತ್ತು ಅಪೋಸ್ಟಿಲ್‌ನ ಅನುವಾದವನ್ನೂ ಕೇಳುತ್ತಾರೆ, ಮೊದಲೇ ಅನುವಾದ ಮಾಡಿಸಿದ್ದರೆ ಅವೆರಡೂ ಅದರಲ್ಲಿ ಇರುವುದಿಲ್ಲ. ಆ ದೇಶದಲ್ಲೇ ಪ್ರಮಾಣಿತ ಅನುವಾದಕರು ಇದ್ದರೆ ಅವರಿಂದ ಮಾಡಿಸುವುದು ಸಲೀಸು. ಇಲ್ಲಿಯೇ ಮಾಡಿಸಿದರೆ ಅನುವಾದಕರ ಸಹಿಗೂ ನೋಟರಿ ಬೇಕಾಗಬಹುದು, ಆಮೇಲೆ ಅದಕ್ಕೊಂದು ಪ್ರತ್ಯೇಕ ಅಪೋಸ್ಟಿಲ್. ಇದನ್ನೆಲ್ಲ ತಪ್ಪಿಸಲು ಎರಡೂ ಭಾಷೆಗಳನ್ನು ಅಕ್ಕಪಕ್ಕದ ಎರಡು ಅಂಕಣದಲ್ಲಿ ಬರೆದು ಒಮ್ಮೆಗೇ ಸಹಿ ಮಾಡುವ ರೂಢಿಯೂ ಇದೆ. ಅರ್ಥದಲ್ಲಿ ವ್ಯತ್ಯಾಸ ಬಂದರೆ ಯಾವ ಭಾಷೆಯ ಪಠ್ಯ ಅಂತಿಮ ಎಂದು ಒಂದು ಸಾಲು ಸೇರಿಸಿದರೆ ಸಾಕು.

ಕಳಿಸುವಾಗ, ಕಳಿಸಿದ ಮೇಲೆ

ಒಂದೇ ಮೂಲಪ್ರತಿ ಮಾಡಬೇಡಿ. ಬ್ಯಾಂಕ್ ಒಂದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ನೋಂದಣಿ ಕಚೇರಿ ಇನ್ನೊಂದನ್ನು ಕೇಳುತ್ತದೆ. ಎರಡು ಅಥವಾ ಮೂರು ಮೂಲಗಳಿಗೆ ಅದೇ ದಿನ ಸಹಿ ಮಾಡಿ, ಪ್ರತಿಯೊಂದಕ್ಕೂ ಅಪೋಸ್ಟಿಲ್ ಮಾಡಿಸಿ. ಕಳಿಸುವ ಮುಂಚೆ ಎಲ್ಲ ಪುಟಗಳನ್ನೂ ಹಿಂಬದಿ ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ, ಪಿನ್ನು ಬಿಚ್ಚದೆ. ಎಷ್ಟೋ ಸಲ ಮೊಹರು ಹಿಂಬದಿಯಲ್ಲೇ ಇರುತ್ತದೆ.

ಅಪೋಸ್ಟಿಲ್‌ಗೆ ಒಡಂಬಡಿಕೆಯಲ್ಲಿ ಅವಧಿಯಿಲ್ಲ. ಆದರೆ "ಇತ್ತೀಚೆಗೆ ಸಹಿಯಾದ ಪತ್ರವೇ ಬೇಕು" ಎಂದು ಬ್ಯಾಂಕುಗಳು ಕೇಳುವುದುಂಟು. ಹಾಗಾಗಿ ಎಂದೋ ಬೇಕಾದೀತೆಂದು ವರ್ಷಗಳ ಮೊದಲೇ ಮಾಡಿಸಿಟ್ಟ ಕಾಗದವನ್ನು ನೆಚ್ಚಿಕೊಳ್ಳಬೇಡಿ. ಪತ್ರದಲ್ಲೇ ಒಂದು ಕೊನೆಯ ದಿನಾಂಕ ಹಾಕುವುದು ಬರೆದುಕೊಡುವವರಿಗೂ ಕ್ಷೇಮ.

ಕೊಟ್ಟ ಅಧಿಕಾರ ಹಿಂಪಡೆಯಬೇಕಾದರೆ ಫೋನಿನಲ್ಲಿ ಹೇಳಿದರೆ ಆಗದು. ರದ್ದತಿ ಪತ್ರವೂ ಇದೇ ದಾರಿಯಲ್ಲಿ ನೋಟರಿ, ಅಪೋಸ್ಟಿಲ್, ಅನುವಾದ ಎಲ್ಲ ದಾಟಿ ಹೋಗಬೇಕು. ಅದನ್ನು ಅಧಿಕಾರ ಪಡೆದವರಿಗೂ, ಆ ಪತ್ರ ತೋರಿಸಿದ ಪ್ರತಿ ಬ್ಯಾಂಕ್ ಮತ್ತು ಕಚೇರಿಗೂ ತಲುಪಿಸಬೇಕು. ಸುದ್ದಿ ತಿಳಿಯದ ಬ್ಯಾಂಕ್ ಹಳೆಯ ಪತ್ರವನ್ನು ನಂಬಿ ಹಣ ಕೊಟ್ಟುಬಿಟ್ಟರೆ ಅದನ್ನು ಮರಳಿ ಪಡೆಯುವುದು ಬಲು ಕಷ್ಟ. ಹೊರಗೆ ಉಳಿದಿರುವ ಮೂಲಪ್ರತಿಗಳನ್ನೆಲ್ಲ ವಾಪಸ್ ತರಿಸಿಕೊಳ್ಳಿ. ಎಷ್ಟು ಪ್ರತಿ, ಯಾರ ಕೈಗೆ, ಯಾವ ದಿನ ಕೊಟ್ಟಿರಿ ಎಂದು ಸಹಿ ಮಾಡಿದ ದಿನವೇ ಬರೆದಿಟ್ಟುಕೊಂಡಿದ್ದರೆ ಆ ಚೀಟಿ ಆಗ ಕೆಲಸಕ್ಕೆ ಬರುತ್ತದೆ.